ಗೇಟಿನ ಹೆಸರು ಅದೇ, ಒಳಗಿನ ರೀತಿನೀತಿ ಬೇರೆ: ಜಾಲಹಳ್ಳಿ ಕಾರ್ಖಾನೆಗಳಲ್ಲಿ ನಲವತ್ತು ವರ್ಷ

ಬೆಂಗಳೂರು: ವಿದ್ಯಾರಣ್ಯಪುರದ ಬಡಾವಣೆಗಳ ಹೆಸರು ಕೇಳಿದರೆ ಸಾಕು, ಅಲ್ಲಿ ಮೊದಲು ಮನೆ ಕಟ್ಟಿದವರು ಯಾರೆಂಬುದು ತಿಳಿದುಬಿಡುತ್ತದೆ. ಬಿಇಎಲ್ ಬಡಾವಣೆ, ಎಚ್‌ಎಂಟಿ ಬಡಾವಣೆ, ಎನ್‌ಟಿಐ ಬಡಾವಣೆ. ನಗರದ ಇತರೆಡೆ ಬಡಾವಣೆಗಳಿಗೆ ದೇವರ, ಸಂತರ ಹಾಗೂ ರಾಷ್ಟ್ರನಾಯಕರ ಹೆಸರುಗಳಿದ್ದರೆ, ಇಲ್ಲಿ ಸಂಬಳ ಕೊಟ್ಟ ಸಂಸ್ಥೆಗಳ ಹೆಸರುಗಳೇ ವಿಳಾಸಗಳಾಗಿವೆ. ಒಂದೇ ಸಂಸ್ಥೆಯಲ್ಲಿ ದುಡಿದು, ಅದೇ ಸಂಸ್ಥೆಯ ಸಹೋದ್ಯೋಗಿಗಳ ಗೃಹ ನಿರ್ಮಾಣ ಸಂಘದಿಂದ ನಿವೇಶನ ಪಡೆದು, ಅದೇ ಸಹೋದ್ಯೋಗಿಗಳ ನಡುವೆ ನಿವೃತ್ತ ಬದುಕು ನಡೆಸುವ ಕುಟುಂಬಗಳು ಈ ಭಾಗದಲ್ಲಿ ಇಂದಿಗೂ ಸಾಕಷ್ಟಿವೆ.

ಇಂಥ ಮನೆಗಳಲ್ಲಿ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ: ನಾವು ಸೇರಿದಾಗ ಇದ್ದ ಕಂಪನಿಯೇ ಬೇರೆ, ಬಿಟ್ಟಾಗ ಇದ್ದ ಕಂಪನಿಯೇ ಬೇರೆ. ಹಳಬರ ಗೊಣಗಾಟವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ದಾಖಲೆಗಳನ್ನು ತೆರೆದು ನೋಡಿದರೆ ಈ ಮಾತು ಅಕ್ಷರಶಃ ನಿಜವೆನಿಸುತ್ತದೆ. ಗೇಟಿನ ಮೇಲಿನ ಹೆಸರು ಬದಲಾಗದಿದ್ದರೂ ಒಂದು ವೃತ್ತಿಜೀವನದ ಅವಧಿಯಲ್ಲಿ ಗೇಟಿನ ಒಳಗಿನ ರೀತಿನೀತಿ ಹಲವು ಬಾರಿ ಮಗುಚಿ ಬಿದ್ದಿದೆ. ಅದು ಏಕೆ, ಹೇಗೆ ಎಂಬುದನ್ನು ತಿಳಿಯಲು ಜಾಲಹಳ್ಳಿಯ ಎರಡು ನೆರೆಹೊರೆಯ ಕಾರ್ಖಾನೆಗಳಿಗಿಂತ ಉತ್ತಮ ಉದಾಹರಣೆ ಸಿಗಲಾರದು.

ಒಂದೇ ಕಾಲದ ಎರಡು ಕೂಸುಗಳು

ಹಿಂದೂಸ್ತಾನ್ ಮಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಆರಂಭವಾಯಿತು. ಮರುವರ್ಷ, 1954ರಲ್ಲಿ, ಫ್ರಾನ್ಸ್‌ನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ನೆರವಿನೊಂದಿಗೆ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸ್ಥಾಪನೆಯಾಯಿತು. ಒಂದು ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ತಯಾರಿಸಿದರೆ, ಇನ್ನೊಂದು ಸೇನೆಗೆ ಸಂಪರ್ಕ ಸಾಧನಗಳನ್ನು ಒದಗಿಸಿತು. 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿಯಿತು. ಅದೇ ವರ್ಷ ಬಿಇಎಲ್ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು.

ಎರಡೂ ಸಾರ್ವಜನಿಕ ರಂಗದ ಉದ್ದಿಮೆಗಳು. ಎರಡಕ್ಕೂ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಬೇಕಿತ್ತು. ಎರಡರಲ್ಲೂ ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಸೇರಿದರು. ಕ್ಯಾಂಟೀನ್, ವಸತಿಗೃಹ, ಶಾಲೆ, ಆಸ್ಪತ್ರೆ, ಆಟದ ಮೈದಾನ, ನವೆಂಬರ್ ಬಂತೆಂದರೆ ರಾಜ್ಯೋತ್ಸವ - ಇವೆಲ್ಲ ಎರಡೂ ಕಡೆ ಇದ್ದವು. ಅಕ್ಕಪಕ್ಕದ ಮನೆಯ ಇಬ್ಬರು ಯುವಕರಲ್ಲಿ ಒಬ್ಬ ಇಲ್ಲಿಗೆ, ಮತ್ತೊಬ್ಬ ಅಲ್ಲಿಗೆ ಸೇರಿದರೆ ಅವರ ಭವಿಷ್ಯದಲ್ಲಿ ಹೆಚ್ಚಿನ ವ್ಯತ್ಯಾಸವಿರುತ್ತದೆಂದು ಯಾರೂ ಭಾವಿಸಿರಲಿಲ್ಲ.

ಲೆಕ್ಕಕ್ಕೆ ಒಂದು ವೃತ್ತಿಜೀವನವನ್ನು ತೆಗೆದುಕೊಳ್ಳೋಣ. 1979ರಲ್ಲಿ 20ನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವರು 60 ತುಂಬಿ 2019ರಲ್ಲಿ ನಿವೃತ್ತರಾಗುತ್ತಾರೆ. ಈ 40 ವರ್ಷಗಳಲ್ಲಿ ಅವರ ಸುತ್ತ ಏನೇನು ಬದಲಾಯಿತು?

ಮೊದಲ ಹಂತ: ಕುಟುಂಬವೆಂಬ ಕಾರ್ಖಾನೆ

ಅವರು ಸೇರಿದಾಗ ಕಾರ್ಖಾನೆ ಒಂದು ಅವಿಭಕ್ತ ಕುಟುಂಬದಂತಿತ್ತು. ಇದರಲ್ಲಿ ಸಂಸ್ಥೆಯ ಔದಾರ್ಯವಷ್ಟೇ ಅಲ್ಲ, ಕಾನೂನಿನ ಪಾತ್ರವೂ ಇತ್ತೆಂಬುದನ್ನು ಮರೆಯಬಾರದು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್, 30ಕ್ಕಿಂತ ಹೆಚ್ಚು ಮಹಿಳೆಯರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬುದು ಕಾರ್ಖಾನೆ ಕಾಯ್ದೆಯ ನಿಯಮವಾಗಿತ್ತು. ಬಡ್ತಿಗೆ ಸೇವಾ ಹಿರಿತನವೇ ಮುಖ್ಯ ಅಳತೆಗೋಲು. ಕೆಲಸ ಕಲಿಸುತ್ತಿದ್ದುದು ಕೈಪಿಡಿಗಿಂತ ಹೆಚ್ಚಾಗಿ ಪಕ್ಕದ ಮೇಜಿನ ಹಿರಿಯರು. ಲೇತ್ ಯಂತ್ರದ ಸದ್ದಿನಲ್ಲೇ ದೋಷ ಗುರುತಿಸುವ, ಬೆಸುಗೆಯ ಹೊಳಪು ನೋಡಿಯೇ ಅದರ ಗಟ್ಟಿತನ ಹೇಳುವ ವಿದ್ಯೆ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು.

ಆದರೆ ಕುಟುಂಬದಲ್ಲಿ ಜಗಳವೂ ಇರುತ್ತದೆ. ಸೇರಿ ಎರಡು ವರ್ಷ ತುಂಬುವ ಹೊತ್ತಿಗೆ, 1980ರ ಡಿಸೆಂಬರ್ 26ರಂದು, ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಮಿಕರು ಮುಷ್ಕರ ಹೂಡಿದರು. ಬಿಇಎಲ್, ಎಚ್‌ಎಂಟಿ, ಎಚ್‌ಎಎಲ್, ಐಟಿಐ, ಬಿಇಎಂಎಲ್ ಕಾರ್ಖಾನೆಗಳ ಯಂತ್ರಗಳು ಒಟ್ಟಿಗೆ ನಿಂತವು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಪ್ರಮುಖ ಬೇಡಿಕೆ. 77 ದಿನಗಳ ಕಾಲ ನಡೆದ ಮುಷ್ಕರ 1981ರ ಮಾರ್ಚ್‌ನಲ್ಲಿ, ಆ ಮುಖ್ಯ ಬೇಡಿಕೆ ಈಡೇರದೆಯೇ ಕೊನೆಗೊಂಡಿತು.

ಎರಡೂವರೆ ತಿಂಗಳು ಸಂಬಳವಿಲ್ಲದ ಮನೆಗಳು ಕಲಿತ ಪಾಠ ದೊಡ್ಡದು. ಸಂಸ್ಥೆ ತಂದೆಯ ಸ್ಥಾನದಲ್ಲಿದೆ ಎಂಬ ಭಾವನೆಗೆ ಬಿರುಕು ಬಿದ್ದದ್ದು ಅಲ್ಲಿಂದ. ಸಂಬಂಧ ಈಗ ಒಪ್ಪಂದದ ಭಾಷೆಗೆ ತಿರುಗಿತು. ಅದೇ ದಶಕದಲ್ಲಿ ಭಾಷೆಯ ಪ್ರಶ್ನೆಯೂ ಗೇಟಿನ ಬಳಿ ಬಂದು ನಿಂತಿತು. 1982ರ ಗೋಕಾಕ್ ಚಳವಳಿಯ ಬಿಸಿ ಕಾರ್ಖಾನೆಗಳ ಕನ್ನಡ ಸಂಘಗಳಿಗೂ ತಾಗಿತು. 1986ರಲ್ಲಿ ಅಂತಿಮ ವರದಿ ನೀಡಿದ ಸರೋಜಿನಿ ಮಹಿಷಿ ಸಮಿತಿ, ಕೇಂದ್ರೋದ್ಯಮಗಳ ಕೆಳವರ್ಗದ ಹುದ್ದೆಗಳು ಕನ್ನಡಿಗರಿಗೇ ಸಿಗಬೇಕೆಂದು ಶಿಫಾರಸು ಮಾಡಿತು. ಕನ್ನಡ, ತಮಿಳು, ತೆಲುಗು, ಮಲಯಾಳಂ ಬೆರೆತ ಮಾತು ಕೇಳಿಬರುತ್ತಿದ್ದ ಈ ಕಾರ್ಖಾನೆಗಳಿಗೆ ಇದು ಹೊಸ ಬಗೆಯ ಚರ್ಚೆಯಾಗಿತ್ತು.

ಎರಡನೇ ಹಂತ: ಗಿರಾಕಿ ಬದಲಾದಾಗ

ಕಚೇರಿಯ ಸಂಸ್ಕೃತಿಯನ್ನು ಬದಲಿಸುವುದು ಹೊಸ ವ್ಯವಸ್ಥಾಪಕರಲ್ಲ, ಅದಕ್ಕಿಂತ ಹೆಚ್ಚಾಗಿ ಗಿರಾಕಿ ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು.

ಎಚ್‌ಎಂಟಿ ಗಡಿಯಾರದ ಗಿರಾಕಿ ಜನಸಾಮಾನ್ಯರು. ಮದುವೆಗೆ, ಪರೀಕ್ಷೆ ಪಾಸಾದದ್ದಕ್ಕೆ, ನಿವೃತ್ತಿಗೆ ಕೊಡುವ ಉಡುಗೊರೆಯೆಂದರೆ ಎಚ್‌ಎಂಟಿ ಗಡಿಯಾರ ಎಂಬ ಕಾಲವೊಂದಿತ್ತು. 1987ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟೈಟಾನ್ ಗಡಿಯಾರಗಳು ಬರತೊಡಗಿದವು. ಕೀಲಿ ಕೊಡುವ ಗಡಿಯಾರದ ಜಾಗಕ್ಕೆ ಕ್ವಾರ್ಟ್ಜ್ ಬಂತು. ಕಾಯ್ದಿರಿಸಿ ಕಾಯುತ್ತಿದ್ದ ಗಿರಾಕಿ ಅಂಗಡಿಯಲ್ಲಿ ಆರಿಸಿಕೊಳ್ಳುವವನಾದ. 1991ರ ಆರ್ಥಿಕ ಉದಾರೀಕರಣದ ನಂತರ ಪೈಪೋಟಿ ಇನ್ನಷ್ಟು ಬಿಗಿಯಾಯಿತು. ಗಡಿಯಾರ ಜೋಡಿಸುವ ಕೈಗಳ ಕುಶಲತೆ ಕಡಿಮೆಯಾಗಿರಲಿಲ್ಲ. ಆದರೆ ಆ ಕುಶಲತೆಗೆ ಬೆಲೆ ಕಟ್ಟುವವರು ಬೇರೆಯವರಾಗಿದ್ದರು.

ಬಿಇಎಲ್‌ನ ಮುಖ್ಯ ಗಿರಾಕಿ ರಕ್ಷಣಾ ಇಲಾಖೆ. ಆ ಗಿರಾಕಿ ಬೇರೆ ಅಂಗಡಿಗೆ ಹೋಗಲಿಲ್ಲ. ರಕ್ಷಣಾ ಉತ್ಪಾದನೆ ಖಾಸಗಿಯವರಿಗೆ ತೆರೆದುಕೊಂಡದ್ದು 2001ರಲ್ಲಿ, ಅಂದರೆ ನೆರೆಯ ಕಾರ್ಖಾನೆಗಿಂತ ಒಂದು ದಶಕ ತಡವಾಗಿ. ಅಷ್ಟರೊಳಗೆ ಬಿಇಎಲ್ ರೇಡಾರ್, ಚುನಾವಣಾ ಆಯೋಗದ ಮತಯಂತ್ರ ಮುಂತಾದ ಹೊಸ ಕೆಲಸಗಳಲ್ಲಿ ನೆಲೆ ಕಂಡುಕೊಂಡಿತ್ತು. ಆದೇಶಪತ್ರ ತಾನಾಗಿ ಬರುತ್ತದೆಂಬ ನಿಶ್ಚಿಂತೆ ಹೋಗಿ, ಟೆಂಡರ್‌ನಲ್ಲಿ ಗೆಲ್ಲಬೇಕೆಂಬ ಆತಂಕ ಬಂತು. ಬೆಲೆ, ಗಡುವು, ದಂಡ ಎಂಬ ಪದಗಳು ಕಾರ್ಮಿಕರ ಮೇಜಿನವರೆಗೂ ಇಳಿದವು. 2007ರಲ್ಲಿ ಸಂಸ್ಥೆಗೆ ನವರತ್ನ ಸ್ಥಾನಮಾನ ದೊರೆಯಿತು.

ಮೂರನೇ ಹಂತ: ಉಪಕರಣ ಮತ್ತು ಅಳತೆಗೋಲು

ಗಿರಾಕಿಯ ಜೊತೆಗೆ ಉಪಕರಣವೂ ಬದಲಾಯಿತು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್, ಟ್ರಾನ್ಸಿಸ್ಟರ್ ಹೋಗಿ ಸಮಗ್ರ ಮಂಡಲ, ಅದನ್ನು ಹಲಗೆಯ ಮೇಲೆ ತಾನೇ ಕೂರಿಸುವ ಯಂತ್ರ. ಸೂಕ್ಷ್ಮದರ್ಶಕದಡಿ ತಂತಿ ಬೆಸೆಯುತ್ತಿದ್ದ ಕೈಗಳು ಪರದೆಯ ಮೇಲೆ ಫಲಿತಾಂಶ ಪರಿಶೀಲಿಸುವ ಕಣ್ಣುಗಳಾದವು. ಇಪ್ಪತ್ತು ವರ್ಷ ಕಲಿತ ವಿದ್ಯೆ ಹಳತಾದಾಗ ಹಿರಿಯರೇ ಕಿರಿಯರಿಂದ ಕಲಿಯಬೇಕಾಯಿತು. ಹಿರಿತನಕ್ಕೆ ಸಲ್ಲುತ್ತಿದ್ದ ಗೌರವದ ಬುಡ ಅಲುಗಿದ್ದು ಯಾವ ಸುತ್ತೋಲೆಯಿಂದಲೂ ಅಲ್ಲ, ಇದರಿಂದ.

ನಂತರ ಸುತ್ತೋಲೆಯೂ ಬಂತು. ಕೇಂದ್ರ ಸಾರ್ವಜನಿಕ ಉದ್ದಿಮೆಗಳ ಅಧಿಕಾರಿಗಳ 2007ರ ವೇತನ ಪರಿಷ್ಕರಣೆಯಲ್ಲಿ ಸಾಧನೆ ಆಧಾರಿತ ವೇತನದ ಪದ್ಧತಿ ಜಾರಿಯಾಯಿತು. 2008ರ ನವೆಂಬರ್‌ನ ಆದೇಶದಂತೆ ಅಧಿಕಾರಿಗಳಲ್ಲಿ ಶೇ 10ರಿಂದ 15ಕ್ಕಿಂತ ಹೆಚ್ಚು ಮಂದಿಯನ್ನು ಅತ್ಯುತ್ತಮರೆಂದು ಗುರುತಿಸುವಂತಿರಲಿಲ್ಲ. ಶೇ 10 ಮಂದಿಯನ್ನು ನಿರೀಕ್ಷೆಗಿಂತ ಕೆಳಗಿನವರೆಂದು ಗುರುತಿಸಲೇಬೇಕಿತ್ತು. ಇಡೀ ವಿಭಾಗ ಚೆನ್ನಾಗಿ ದುಡಿದಿದ್ದರೂ ಯಾರಾದರೊಬ್ಬರು ಕೆಳಗಿಳಿಯಲೇಬೇಕು. ಪಕ್ಕದ ಮೇಜಿನವರಿಗೆ ಕೆಲಸ ಕಲಿಸುವುದೆಂದರೆ ತನ್ನ ದರ್ಜೆಗೆ ತಾನೇ ಕುತ್ತು ತಂದುಕೊಂಡಂತೆ ಎಂಬ ಅನುಮಾನಕ್ಕೆ ಇಂಥ ನಿಯಮ ಎಡೆಮಾಡುತ್ತದೆ. 2017ರ ವೇತನ ಪರಿಷ್ಕರಣೆಯ ಆದೇಶ ಈ ಕಡ್ಡಾಯವನ್ನು ಕೈಬಿಟ್ಟಿತು. ಒಂದೇ ವೃತ್ತಿಜೀವನದೊಳಗೆ ನಿಯಮವೊಂದು ಹುಟ್ಟಿತು, ಜನರನ್ನು ಅಳೆಯಿತು, ಮರೆಯಾಯಿತು.

ಬದಲಾವಣೆಯೆಲ್ಲ ನಷ್ಟವೆಂದು ತಿಳಿಯಬೇಕಾಗಿಲ್ಲ. 1979ರಲ್ಲಿ ಸೇರಿದ ಮಹಿಳೆಗೆ ಸಿಗುತ್ತಿದ್ದ ಹೆರಿಗೆ ರಜೆ 12 ವಾರ. 2017ರ ನಂತರ ಸೇರಿದವರಿಗೆ 26 ವಾರ. ಕೆಲಸದ ಸ್ಥಳದಲ್ಲಿ ಕಿರುಕುಳವಾದರೆ ಯಾರ ಬಳಿ ಹೇಳಿಕೊಳ್ಳಬೇಕು ಎಂಬುದಕ್ಕೆ 1997ರ ವಿಶಾಖಾ ತೀರ್ಪಿನವರೆಗೆ ಸ್ಪಷ್ಟ ವ್ಯವಸ್ಥೆಯೇ ಇರಲಿಲ್ಲ. ಪ್ರತ್ಯೇಕ ಕಾಯ್ದೆ ಬಂದದ್ದು 2013ರಲ್ಲಿ. ಹಳೆಯ ಕುಟುಂಬದಂಥ ಕಾರ್ಖಾನೆಯಲ್ಲಿ ಹಿರಿಯರ ಮಾತಿಗೆ ಎದುರಾಡುವಂತಿರಲಿಲ್ಲ ಎಂಬುದರ ಇನ್ನೊಂದು ಮುಖ ಇದು. ಅವಿಭಕ್ತ ಕುಟುಂಬದ ನೆಮ್ಮದಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ.

ಸ್ವಯಂ ನಿವೃತ್ತಿಯ ಲೆಕ್ಕ

1988ರಲ್ಲಿ ಸಾರ್ವಜನಿಕ ಉದ್ದಿಮೆಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಆರಂಭವಾಯಿತು. ನಷ್ಟದಲ್ಲಿದ್ದ ಕಾರ್ಖಾನೆಗಳಲ್ಲಿ ಅದು ಮನೆಮನೆಯ ಚರ್ಚೆಯಾಯಿತು. 2000ದಲ್ಲಿ ಜಾರಿಗೆ ಬಂದ ಗುಜರಾತ್ ಮಾದರಿಯ ಲೆಕ್ಕ ಹೀಗಿತ್ತು: ಪೂರೈಸಿದ ಪ್ರತಿ ವರ್ಷದ ಸೇವೆಗೆ 35 ದಿನಗಳ ವೇತನ, ಉಳಿದ ಪ್ರತಿ ವರ್ಷಕ್ಕೆ 25 ದಿನಗಳ ವೇತನ.

1979ರಲ್ಲಿ ಸೇರಿದವರು 2000ದಲ್ಲಿ 21 ವರ್ಷ ಪೂರೈಸಿದ್ದರು. 60ರವರೆಗೆ ಇನ್ನೂ 19 ವರ್ಷ ಬಾಕಿ. ಲೆಕ್ಕ ಹಾಕಿದರೆ 735 ಮತ್ತು 475, ಒಟ್ಟು 1,210 ದಿನಗಳ ವೇತನ. ಅಂದರೆ ಸರಿಸುಮಾರು ಮೂರು ವರ್ಷ ನಾಲ್ಕು ತಿಂಗಳ ಸಂಬಳವನ್ನು ಒಟ್ಟಿಗೆ ಪಡೆದು, ಮುಂದಿನ 19 ವರ್ಷಗಳನ್ನು ಬಿಟ್ಟುಕೊಡಬೇಕು. ವಯಸ್ಸು 41, ಮಕ್ಕಳು ಇನ್ನೂ ಶಾಲೆಯಲ್ಲಿ, ಕಲಿತ ವಿದ್ಯೆ ಗಡಿಯಾರದ ಜೋಡಣೆ. ಆ ವಿದ್ಯೆಯನ್ನು ಕೊಳ್ಳುವ ಇನ್ನೊಂದು ಕಾರ್ಖಾನೆ ಆಸುಪಾಸಿನಲ್ಲಿಲ್ಲ. ಉಳಿದರೂ ಭಯ, ಹೋದರೂ ಭಯ. ಯಾರು ಅರ್ಜಿ ಹಾಕಿದರು, ಯಾರು ಹಾಕಲಿಲ್ಲ ಎಂಬ ಗುಸುಗುಸು ಊಟದ ಮೇಜನ್ನೇ ಇಬ್ಭಾಗ ಮಾಡಬಲ್ಲದು.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯನ್ನು ಕಾಲ್ಪನಿಕವಾಗಿ ಅನ್ವಯಿಸಿ ಪರಿಹಾರ ಲೆಕ್ಕ ಹಾಕಲಾಯಿತು. ಅಂದರೆ ಒಂಬತ್ತು ವರ್ಷ ಹಿಂದಿನ ಪರಿಷ್ಕರಣೆಯೂ ಅವರ ಸಂಬಳದ ಚೀಟಿಗೆ ಅಲ್ಲಿಯವರೆಗೆ ತಲುಪಿರಲಿಲ್ಲ. 1979ರಲ್ಲಿ ಸೇರಿ ಕೊನೆಯವರೆಗೂ ಉಳಿದವರಿಗೆ ಆಗ 57 ವರ್ಷ. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಮುಂದೆ ಇಸ್ರೊ ಪಾಲಾಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ನೆರೆಯ ಕಾರ್ಖಾನೆಗೆ ಸೇರಿದ್ದ ಅವರ ಜೊತೆಗಾರರು ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದ ವರ್ಷವೂ ಅದೇ.

ಇಬ್ಬರ ನಿಷ್ಠೆಯಲ್ಲಿ ವ್ಯತ್ಯಾಸವಿರಲಿಲ್ಲ. ಇಬ್ಬರ ಕೈಚಳಕದಲ್ಲೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಗಿರಾಕಿಯಲ್ಲಿ.

ನಾಲ್ಕನೇ ಹಂತ: ಪಕ್ಕದ ಕುರ್ಚಿಯ ಹೊಸಬರು

ಗಿರಾಕಿ, ಉಪಕರಣ ಇವೆರಡರ ನಂತರ ಬದಲಾದ ಮೂರನೆಯದು ನೇಮಕದ ಷರತ್ತು. ಒಂದು ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಆಳವಾದ ಬದಲಾವಣೆ.

ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ರದ್ದತಿ ಕಾಯ್ದೆ 1970ರಲ್ಲೇ ಬಂದಿತ್ತು. ಯಾವುದಾದರೂ ಕೆಲಸದಲ್ಲಿ ಸರ್ಕಾರ ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೆ ಆ ಕಾರ್ಮಿಕರನ್ನು ಸಂಸ್ಥೆಯೇ ಖಾಯಂ ಆಗಿ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ ಹೇಳಿತ್ತು. 2001ರ ಆಗಸ್ಟ್‌ನಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸಂವಿಧಾನ ಪೀಠ ಈ ನಿಲುವನ್ನು ತಳ್ಳಿಹಾಕಿತು. ನಿಷೇಧವಾದ ಮಾತ್ರಕ್ಕೆ ಖಾಯಮಾತಿ ತಾನಾಗಿ ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಆ ಬಳಿಕ ದೇಶದ ಬಹುತೇಕ ಸಾರ್ವಜನಿಕ ಉದ್ದಿಮೆಗಳಲ್ಲಿ ಭದ್ರತೆ, ಸ್ವಚ್ಛತೆ, ಕ್ಯಾಂಟೀನ್ ಕೆಲಸಗಳಷ್ಟೇ ಅಲ್ಲದೆ ಇತರ ಕೆಲಸಗಳೂ ಗುತ್ತಿಗೆಯತ್ತ ವಾಲಿದವು.

ಎಂಜಿನಿಯರ್‌ಗಳೂ ಇದಕ್ಕೆ ಹೊರತಲ್ಲ. ಬಿಇಎಲ್‌ನಲ್ಲಿ ಖಾಯಂ ಹುದ್ದೆಗಳ ಜೊತೆಗೆ ಟ್ರೈನಿ ಎಂಜಿನಿಯರ್, ಪ್ರಾಜೆಕ್ಟ್ ಎಂಜಿನಿಯರ್ ಎಂಬ ನಿಗದಿತ ಅವಧಿಯ ನೇಮಕಗಳೂ ನಡೆಯುತ್ತವೆ. ಆರಂಭದ ಎರಡು ಅಥವಾ ಮೂರು ವರ್ಷ, ಅಗತ್ಯವಿದ್ದರೆ ಮತ್ತೊಂದು ವರ್ಷ ವಿಸ್ತರಣೆ, ಬಳಿಕ ನಿರ್ಗಮನ. ಒಂದೇ ಯೋಜನೆ, ಒಂದೇ ಮೇಜು, ಆದರೆ ಒಬ್ಬರಿಗೆ ಮೂವತ್ತೈದು ವರ್ಷದ ದಾರಿ, ಪಕ್ಕದವರಿಗೆ ನಾಲ್ಕು ವರ್ಷದ ದಾರಿ. ನಾಲ್ಕು ವರ್ಷಕ್ಕೆ ಬಂದವರಿಗೆ ಹಳಬರು ಏನನ್ನು, ಎಷ್ಟು ಕಲಿಸಬೇಕು? ಕಲಿತವರು ಅದನ್ನು ಎಲ್ಲಿಗೆ ಕೊಂಡೊಯ್ಯುತ್ತಾರೆ? ಸದ್ದಿನಲ್ಲೇ ದೋಷ ಗುರುತಿಸುವ ವಿದ್ಯೆ ಕೈಪಿಡಿಗೆ ಇಳಿಯುವುದಿಲ್ಲ. ಅದು ದಾಟಲು ಕಾಲ ಬೇಕು, ಕಾಲವನ್ನೇ ಷರತ್ತು ಕತ್ತರಿಸಿಬಿಟ್ಟಿದೆ.

ಕೈಗೆ ಬರುವುದೆಷ್ಟು?

ದೀರ್ಘ ಸೇವೆಯ ಬೆಲೆ ಅಂತಿಮವಾಗಿ ಅಂಕಿಗಳಲ್ಲಿ ಕಾಣುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆಯಂತೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ, ತಿಂಗಳಿಗೆ 26 ದಿನಗಳ ಲೆಕ್ಕದಲ್ಲಿ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 52,000 ರೂಪಾಯಿ ಇದ್ದು 40 ವರ್ಷ ದುಡಿದಿದ್ದರೆ 12 ಲಕ್ಷ ರೂಪಾಯಿ. ಅದೇ ವೇತನದಲ್ಲಿ ನಾಲ್ಕು ವರ್ಷ ದುಡಿದು ಹೊರಬಂದವರಿಗೆ ಸೊನ್ನೆ. ಐದು ವರ್ಷ ಪೂರೈಸದವರಿಗೆ ಆ ಕಾಯ್ದೆಯಲ್ಲಿ ಹಕ್ಕಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಕೊರತೆಯನ್ನು ಭಾಗಶಃ ತುಂಬಿದೆ. ನಿಗದಿತ ಅವಧಿಗೆ ನೇಮಕಗೊಂಡವರು ಒಂದು ವರ್ಷ ಪೂರೈಸಿದರೆ ಸೇವಾವಧಿಗೆ ತಕ್ಕ ಗ್ರಾಚ್ಯುಟಿಗೆ ಅರ್ಹರು.

ಪಿಂಚಣಿಯ ಚಿತ್ರ ಅಷ್ಟು ಆಶಾದಾಯಕವಲ್ಲ. ಸಾರ್ವಜನಿಕ ಉದ್ದಿಮೆ ಎಂದೊಡನೆ ಸರ್ಕಾರಿ ಪಿಂಚಣಿ ಎಂದು ಭಾವಿಸುವವರು ಅನೇಕರು. ವಾಸ್ತವದಲ್ಲಿ ಇಲ್ಲಿನ ಕಾರ್ಮಿಕರಿಗೆ ಅನ್ವಯಿಸುವುದು 1995ರ ನವೆಂಬರ್‌ನಲ್ಲಿ ಆರಂಭವಾದ ನೌಕರರ ಪಿಂಚಣಿ ಯೋಜನೆ. ಇದರ ಸೂತ್ರ ಸರಳ: ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರ ಸೆಪ್ಟೆಂಬರ್‌ನಲ್ಲಿ ವೇತನದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಆ ಮಿತಿಯಲ್ಲಿ 35 ವರ್ಷದ ಸೇವೆಗೆ ಸಿಗುವ ಪಿಂಚಣಿ ತಿಂಗಳಿಗೆ 7,500 ರೂಪಾಯಿ. 1995ಕ್ಕಿಂತ ಹಿಂದಿನ ಸೇವೆಗೆ ಬೇರೆಯೇ ಲೆಕ್ಕವಿರುವುದರಿಂದ ಜಾಲಹಳ್ಳಿಯ ಹಳಬರಲ್ಲಿ ಹೆಚ್ಚಿನವರಿಗೆ ಅಷ್ಟೂ ಸಿಗುವುದಿಲ್ಲ. ವಿದ್ಯಾರಣ್ಯಪುರದಲ್ಲಿ ಸ್ವಂತ ಮನೆಯಿರುವ ನಿವೃತ್ತರು ಮೇಲಂತಸ್ತನ್ನು ಬಾಡಿಗೆಗೆ ಕೊಡುವುದರ ಹಿಂದೆ ಈ ಲೆಕ್ಕವೂ ಇದೆ. ಸಂಘದಿಂದ ಅಂದು ಪಡೆದ ನಿವೇಶನವೇ ಹಲವರಿಗೆ ನಿಜವಾದ ಪಿಂಚಣಿಯಾಗಿದೆ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ

ಆ ಮೇಲಂತಸ್ತಿನ ಮನೆಗಳಲ್ಲಿ ಈಗ ಮಾನ್ಯತಾ ಟೆಕ್ ಪಾರ್ಕ್‌ಗೆ ಹೋಗಿಬರುವ ಯುವಕ ಯುವತಿಯರಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದು ಅವರಿಗೆ ಸಹಜ. ಕೆಳಂತಸ್ತಿನವರಿಗೆ ಅದು ಚಂಚಲತೆಯಾಗಿ ಕಾಣಬಹುದು, ಮೇಲಿನವರಿಗೆ ಇವರ ನಲವತ್ತು ವರ್ಷ ಜಡತೆಯಾಗಿ ಕಾಣಬಹುದು. ಎರಡೂ ಸರಿಯಲ್ಲ. ಒಂದೇ ಕಡೆ ನಿಂತವರು ಬದಲಾವಣೆಯಿಂದ ತಪ್ಪಿಸಿಕೊಂಡವರಲ್ಲ. ಅವರು ಕಂಪನಿ ಬದಲಿಸಲಿಲ್ಲ, ಕಂಪನಿಯೇ ಅವರ ಕಾಲಕೆಳಗೆ ನಾಲ್ಕು ಬಾರಿ ಬದಲಾಯಿತು. ಪ್ರತಿ ಬಾರಿಯೂ ಅವರು ಹೊಸಬರಂತೆ ಕಲಿಯಬೇಕಾಯಿತು.

ಜಾಲಹಳ್ಳಿಯ ಎರಡು ಗೇಟುಗಳು ಹೇಳುವ ಪಾಠವೆಂದರೆ, ಸಂಸ್ಥೆಗೆ ತೋರುವ ನಿಷ್ಠೆ ಒಳ್ಳೆಯ ಗುಣವಾದರೂ ಅದೊಂದು ವಿಮೆಯಲ್ಲ. ಕೆಲಸಕ್ಕೆ ಸೇರುವವರು ಸಂಬಳದ ಜೊತೆಗೆ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಈ ಸಂಸ್ಥೆಯ ಗಿರಾಕಿ ಯಾರು? ನಾನು ಕಲಿಯುವ ವಿದ್ಯೆ ಈ ಗೇಟಿನ ಹೊರಗೂ ನಡೆಯುತ್ತದೆಯೇ? ನೇಮಕ ಪತ್ರದಲ್ಲಿ ಎಷ್ಟು ವರ್ಷವೆಂದು ಬರೆದಿದೆ? 1979ರಲ್ಲಿ ಇವನ್ನು ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಉತ್ತರ ಗೇಟಿನ ಮೇಲಿನ ಹೆಸರಿನಲ್ಲೇ ಇದೆಯೆಂದು ಎರಡೂ ಮನೆಯವರು ನಂಬಿದ್ದರು.